ಗಂಜಿನ ಕಾಕಾ ಮಂಗಳಕ್ಕೆ ತೊಗರಿ ಕಳಿಸಿದರೆ: ಎಂಡ್‌ಲೆಸ್ ಸ್ಕೈ ಆಟಕ್ಕೆ ಮಾತಿನ ಪರದೆ, ಪುಟ್ಟ ಆಟ ಮಾಡುವ ಬಗೆ

ಎಂಡ್‌ಲೆಸ್ ಸ್ಕೈ ಅನ್ನುವ ಕಂಪ್ಯೂಟರ್ ಆಟಕ್ಕೆ ನಾನು ಮಾಡಿದ ಮೊದಲ ಪ್ಲಗಿನ್ (ಆಟಕ್ಕೆ ಹೊರಗಿನವರು ಸೇರಿಸುವ ಭಾಗ) ಆಡಿದ್ದು ನಮ್ಮ ಕಾಕಾನ ಮಗ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ. ಕೂಲರ್ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ಮೊದಲ ಪರದೆಯಲ್ಲೇ ಹದಿನಾಲ್ಕು ಸಾಲು ಬರೆದಿದ್ದೆ. ಗ್ರಹದ ಇತಿಹಾಸ, ವ್ಯಾಪಾರಿಯ ಮುಖದ ವರ್ಣನೆ, ಎಲ್ಲಾ ಇತ್ತು. ಅವನು ಎಂಟರ್, ಎಂಟರ್, ಎಂಟರ್ ಒತ್ತಿ ಕೆಲಸ ಒಪ್ಪಿಕೊಂಡೇಬಿಟ್ಟ. "ಏನು ಬರೆದಿತ್ತೋ?" ಅಂದೆ. "ಏನೋ ತೊಗರಿ ಅಂತಿತ್ತಣ್ಣ" ಅಂದ.

ತಪ್ಪು ಅವನದಲ್ಲ. ಆ ಪರದೆಯಲ್ಲಿ ಅವನು ತೂಗಿ ನೋಡುವಂಥದ್ದು ಏನೂ ಇರಲಿಲ್ಲ. ಆಟದಲ್ಲಿ ಬರೆದದ್ದನ್ನು ಜನ ಓದಬೇಕು ಅಂದರೆ ಓದದೇ ಇದ್ದರೆ ನಷ್ಟ ಆಗಬೇಕು. ನನಗೆ ಗೊತ್ತಾದದ್ದು ಇಷ್ಟೇ. ಅದನ್ನು ಮಾಡುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು ಸಾಮಾನು

ಎಂಡ್‌ಲೆಸ್ ಸ್ಕೈ ಪುಕ್ಕಟೆ ಸಿಗುವ ಬಾಹ್ಯಾಕಾಶದ ಆಟ. 2015ರಲ್ಲಿ ಬಂತು. ಶುರು ಮಾಡಿದವರು ಮೈಕೆಲ್ ಜಾನಿಸರ್. ಸೋರ್ಸ್ ಕೋಡ್ ಕೂಡ ಎಲ್ಲರಿಗೂ ಮುಕ್ತ. ಸರಕು ಸಾಗಿಸು, ದುಡ್ಡು ಮಾಡು, ದೊಡ್ಡ ಹಡಗು ಕೊಳ್ಳು, ಬೇಕಿದ್ದರೆ ಯುದ್ಧ ಮಾಡು. ಕಥೆ ಶುರುವಾಗುವುದು 3013ನೇ ಇಸವಿಯಲ್ಲಿ. ಇದನ್ನೇ ಆರಿಸಿದ್ದಕ್ಕೆ ಒಂದೇ ಕಾರಣ: ಮಿಷನ್‌ಗಳೆಲ್ಲಾ, ಅಂದರೆ ಆಟಗಾರನಿಗೆ ಕೊಡುವ ಕೆಲಸಗಳೆಲ್ಲಾ, ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಇರುತ್ತವೆ. ನೋಟ್‌ಪ್ಯಾಡ್ ಇದ್ದರೆ ಸಾಕು, ಪ್ರೋಗ್ರಾಮಿಂಗ್ ಬರಲೇಬೇಕು ಅಂತಿಲ್ಲ. ಹಳೇ ಲ್ಯಾಪ್‌ಟಾಪ್ ಮೇಲೂ ಓಡುತ್ತದೆ.

ಹೊರಗಿನವರು ಸೇರಿಸುವುದಕ್ಕೆ ಬೇರೆ ಆಟಗಳಲ್ಲಿ ಮಾಡ್ ಅನ್ನುತ್ತಾರೆ, ಈ ಆಟದಲ್ಲಿ ಪ್ಲಗಿನ್ ಅನ್ನುತ್ತಾರೆ. ಒಳ್ಳೇದೇ ಆಯ್ತು. "ಮಾಡ್ ಮಾಡ್ತಿದೀನಿ" ಅಂತ ಮನೆಯಲ್ಲಿ ಹೇಳಿದರೆ "ಏನು ಮಾಡ್ತಿದೀಯೋ ಅದನ್ನ ಹೇಳು" ಅಂತಾರೆ.

ಆಟ ತನ್ನ ಸೇವ್ ಫೈಲ್ ಇಡುವ ಫೋಲ್ಡರ್ ಹುಡುಕಿ. ವಿಂಡೋಸ್‌ನಲ್ಲಿ ಅದು ಆಪ್‌ಡೇಟಾ ಒಳಗೆ ಆಟದ ಹೆಸರಲ್ಲೇ ಇರುತ್ತದೆ. ಅದರಲ್ಲಿ 'ಪ್ಲಗಿನ್ಸ್' ಅಂತ ಫೋಲ್ಡರ್ ಇಲ್ಲದಿದ್ದರೆ ನೀವೇ ಮಾಡಿ. ಅದರೊಳಗೆ ನಿಮ್ಮ ಪ್ಲಗಿನ್‌ಗೆ ಒಂದು ಫೋಲ್ಡರ್, ಅದರೊಳಗೆ 'ಡೇಟಾ' ಮತ್ತು 'ಇಮೇಜಸ್' ಅಂತ ಇನ್ನೆರಡು. ಡೇಟಾದಲ್ಲಿ ಒಂದು ಖಾಲಿ ಟೆಕ್ಸ್ಟ್ ಫೈಲ್ ಇಟ್ಟರೆ ತಯಾರಿ ಮುಗೀತು.

ಮೊದಲ ಪರದೆ

ಫೈಲ್‌ನ ಆಕಾರ ಹೀಗಿರುತ್ತದೆ. ಓದಲು ಅನುಕೂಲ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನಿಜವಾದ ಫೈಲ್‌ನಲ್ಲಿ ಇವೇ ಶಬ್ದಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆಯಬೇಕು. ಇನ್ನು ಮುಂದೆ ಕಾಕಾ ಅಂದರೆ ಆಟದೊಳಗೆ ತೊಗರಿ ಕಳಿಸುವ ವ್ಯಾಪಾರಿ.

ಮಿಷನ್ "ತೊಗರಿ ಮೊದಲ ಲೋಡ್"
    ಲ್ಯಾಂಡಿಂಗ್
    ರಿಪೀಟ್
    ಸೋರ್ಸ್ "ನ್ಯೂ ಬೋಸ್ಟನ್"
    ಡೆಸ್ಟಿನೇಷನ್ "ಮಾರ್ಸ್"
    ಕಾರ್ಗೋ "ತೊಗರಿ" 4
    ಆನ್ ಆಫರ್
        ಕಾನ್ವರ್ಸೇಶನ್
            `ಕಾಕಾನ ಮಾತು`
            ಚಾಯ್ಸ್
                `ಬಾಡಿಗೆ ಎಷ್ಟು?`
                    ಗೋಟು ಬಾಡಿಗೆ
                `ಆಗಲ್ಲ.`
                    ಡಿಕ್ಲೈನ್
            ಲೇಬಲ್ ಬಾಡಿಗೆ
            `ಕಾಕಾನ ಉತ್ತರ`
                ಆಕ್ಸೆಪ್ಟ್

ಪ್ರತಿ ಸಾಲು ಎಷ್ಟು ಒಳಗೆ ಸರಿದಿದೆ ಅನ್ನುವುದೇ ಇಲ್ಲಿ ವ್ಯಾಕರಣ. ಒಳಗೆ ಸರಿಸಲು ಟ್ಯಾಬ್ ಕೀ ಮಾತ್ರ ಬಳಸಿ. ಒಂದು ಸಾಲಿಗೆ ಟ್ಯಾಬ್, ಇನ್ನೊಂದಕ್ಕೆ ಸ್ಪೇಸ್ ಅಂತ ಬೆರೆಸಿದರೆ ಆಟ ತಕರಾರು ತೆಗೆಯುತ್ತದೆ. ಮಾತುಗಳನ್ನು ಸುತ್ತುವರಿದ ಆ ಓರೆ ಗುರುತು ಎಸ್ಕೇಪ್ ಕೀಯ ಕೆಳಗಿದೆ. ಅದರೊಳಗೆ ಸಾಮಾನ್ಯ ಉದ್ಧರಣ ಚಿಹ್ನೆಗಳನ್ನು ಧಾರಾಳವಾಗಿ ಬಳಸಬಹುದು. ಮಾತುಕತೆ ಬರೆಯುವವರಿಗೆ ಇದು ದೊಡ್ಡ ಅನುಕೂಲ.

ನ್ಯೂ ಬೋಸ್ಟನ್ ಅಂದರೆ ಹೊಸ ಆಟಗಾರ ಶುರು ಮಾಡುವ ಗ್ರಹ. 'ಲ್ಯಾಂಡಿಂಗ್' ಅಂತ ಬರೆದರೆ ಇಳಿದ ತಕ್ಷಣ ಪರದೆ ತೆರೆಯುತ್ತದೆ. ಬರೆಯದಿದ್ದರೆ ಸ್ಪೇಸ್‌ಪೋರ್ಟ್‌ಗೆ ಹೋಗಿ ಹುಡುಕಬೇಕು. 'ರಿಪೀಟ್' ಇದ್ದರೆ ಅದೇ ಮಿಷನ್ ಮತ್ತೆ ಮತ್ತೆ ಸಿಗುತ್ತದೆ. ಪರೀಕ್ಷೆ ಮಾಡುವಾಗ ಎರಡೂ ಇರಲಿ. 'ಲೇಬಲ್' ಅಂದರೆ ಮಾತಿನ ಒಂದು ಜಾಗಕ್ಕೆ ಇಟ್ಟ ಹೆಸರು, 'ಗೋಟು' ಅಂದರೆ ಆ ಜಾಗಕ್ಕೆ ಹೋಗು.

ಈಗ ಮಾತು. ನನ್ನ ಹದಿನಾಲ್ಕು ಸಾಲು ಹೀಗೆ ಶುರುವಾಗಿತ್ತು: "ನ್ಯೂ ಬೋಸ್ಟನ್ ಗ್ರಹದ ಧಾನ್ಯ ಮಾರುಕಟ್ಟೆ ಬಹಳ ಹಳೆಯದು. ಇಲ್ಲಿ ಅನೇಕ ವ್ಯಾಪಾರಿಗಳು..." ಕಿತ್ತು ಬಿಸಾಡಿ ಮತ್ತೆ ಬರೆದದ್ದು ಇದು:

"ತಮ್ಮಾ, ನಾಕು ಟನ್ ತೊಗರಿ ಅದ. ಮಂಗಳದಾಗ ಬ್ಯಾಳಿಗಿ ಭಾರೀ ರೇಟ್ ನಡದದ. ಹಾದ್ಯಾಗ ಕಳ್ಳರು ಇದ್ದಾರಂತ ಹೇಳ್ತಾರ, ನಾ ಏನ್ ನೋಡಿಲ್ಲ. ಒಯ್ತಿ ಏನು?"

ಕಲಬುರಗಿಯ ಧಾನ್ಯ ಮಾರುಕಟ್ಟೆ ನಮ್ಮ ನೆಹರೂ ಗಂಜ್‌ನಲ್ಲಿ ಒಂದು ಬೆಳಿಗ್ಗೆ ನಿಂತರೆ ಇಂಥ ದನಿ ಹತ್ತು ಸಿಗುತ್ತವೆ. ಸರಕು ಏನು, ಎಷ್ಟು, ಎಲ್ಲಿಗೆ, ಅಪಾಯ ಏನು, ಎಲ್ಲಾ ಇದರಲ್ಲೇ ಬಂತು. "ನಾ ಏನ್ ನೋಡಿಲ್ಲ" ಅನ್ನುವಾಗ ಕಾಕಾ ಎಂಥವನು ಅನ್ನುವುದೂ ಬಂತು. ಮುಖದ ವರ್ಣನೆ ಬೇಕೇ ಆಗಲಿಲ್ಲ. ನನ್ನ ಅಳತೆ ಇದು: ಒಂದು ಪರದೆಗೆ ನಾಲ್ಕು ಸಾಲು. ಐದನೆಯದು ಬೇಕೇ ಬೇಕು ಅನ್ನಿಸಿದರೆ ಆಟಗಾರ ಕೇಳಿದಾಗ ಹೇಳಿ. "ಯಾವ ಕಳ್ಳರು ಕಾಕಾ?" ಅಂತ ಒಂದು ಆಯ್ಕೆ ಇಡಿ. ಕುತೂಹಲ ಇದ್ದವನು ಒತ್ತುತ್ತಾನೆ.

ಕನ್ನಡ ಬರಲ್ಲ, ಆದರೂ ಬರುತ್ತದೆ

ಇಲ್ಲಿ ನೀವೆಲ್ಲಾ ಬೇಜಾರಾಗುವ ವಿಷಯ. ಆಟದ ಅಕ್ಷರಗಳು ಒಂದು ಚಿತ್ರದ ಹಾಳೆಯಲ್ಲಿವೆ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಎಲ್ಲಾ ಸೇರಿ ಅದರಲ್ಲಿ ನೂರಕ್ಕೂ ಕಡಿಮೆ ಆಕಾರ ಇವೆ. ಕನ್ನಡ ಅಲ್ಲಿಲ್ಲ. ನಮ್ಮ ಅಕ್ಷರಗಳನ್ನು ಆ ಹಾಳೆಗೆ ಸುಮ್ನೆ ಸೇರಿಸಿದರೂ ಆಗಲ್ಲ. 'ಕ್ವಿಂಟಾಲ್' ಅಂತ ಬರೆಯಲು ಒಂದು ಅಕ್ಷರದ ಪಕ್ಕ ಇನ್ನೊಂದು ಕೂರಿಸಿದರೆ ಸಾಲದು. ಒತ್ತಕ್ಷರ ಕೆಳಗೆ ಹೋಗಬೇಕು, ಗುಣಿತ ಮೇಲೆ ಅಂಟಬೇಕು. ಆ ಕೆಲಸ ಮಾಡುವ ಭಾಗವೇ ಬೇರೆ.

ದಾರಿ ಎರಡು. ಒಂದು, ವಾಟ್ಸಾಪ್‌ನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಪಂಡಿತರು ಬೈಯಬಹುದು. ಆದರೆ ನಮ್ಮ ಕಡೆಯ ಹುಡುಗರು ದಿನಾ ಓದುವುದು ಅದನ್ನೇ. "ಏನ್ ಮಾಡ್ಲತ್ತೀರಿ" ಅನ್ನುವ ಮಾತು ಅದರಲ್ಲೂ ಜೀವ ಕಳಕೊಳ್ಳಲ್ಲ.

ಎರಡನೆಯದು ಸೀನ್. ಮಾತುಕತೆಯ ಮಧ್ಯೆ 'ಸೀನ್' ಅಂತ ಬರೆದು ಚಿತ್ರದ ಹೆಸರು ಕೊಟ್ಟರೆ ಆ ಚಿತ್ರ ಪರದೆಯಲ್ಲಿ ಬರುತ್ತದೆ. ಹಾಗಾದರೆ ಕನ್ನಡವನ್ನೇ ಚಿತ್ರ ಮಾಡಿಬಿಡಿ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಟೈಪ್ ಮಾಡಿ. ಹಿನ್ನೆಲೆ ಖಾಲಿ ಬಿಡಿ, ಅಕ್ಷರ ತಿಳಿ ಬಣ್ಣದಲ್ಲಿರಲಿ. ಪಿಎನ್‌ಜಿಯಾಗಿ ಉಳಿಸಿ ಇಮೇಜಸ್ ಒಳಗಿನ 'ಸೀನ್' ಫೋಲ್ಡರ್‌ಗೆ ಹಾಕಿ. ಅಗಲ ಎಷ್ಟಿರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಆಟದ ಜೊತೆ ಬಂದ ಸೀನ್ ಚಿತ್ರ ಒಂದನ್ನು ತೆರೆದು ಅಷ್ಟೇ ಇಡಿ. ಫೈಲ್‌ನಲ್ಲಿ ಹೆಸರು ಬರೆಯುವಾಗ ಫೋಲ್ಡರ್ ಹೆಸರು, ಓರೆಗೆರೆ, ಚಿತ್ರದ ಹೆಸರು. ಕೊನೆಯ ಪಿಎನ್‌ಜಿ ಬೇಡ.

ಎಲ್ಲಾ ಮಾತಿಗೂ ಇದನ್ನೇ ಮಾಡಲು ಹೋಗಬೇಡಿ. ನಾನು ಹೋಗಿದ್ದೆ. ಒಂದು ಕಾಗುಣಿತ ತಪ್ಪು ತಿದ್ದಲು ಮತ್ತೆ ಇಂಕ್‌ಸ್ಕೇಪ್ ತೆರೆಯಬೇಕು. ಇಪ್ಪತ್ತನೇ ಚಿತ್ರಕ್ಕೆ ಸಾಕಾಯ್ತು. ಈಗ ಕಾಕಾನ ಮೊದಲ ಮಾತು, ಅಂಗಡಿ ಬೋರ್ಡು, ಕೊನೆಯ ಚೀಟಿ, ಇಷ್ಟೇ ಚಿತ್ರದಲ್ಲಿ ಇಡುತ್ತೇನೆ.

ಆಯ್ಕೆ ಅಂದರೆ ಬೆಲೆ

"ಸರಿ ಕಾಕಾ" ಮತ್ತು "ಖಂಡಿತ ಕಾಕಾ", ಇವೆರಡು ಆಯ್ಕೆ ಅಲ್ಲ. ಒಂದೇ ಬಾಗಿಲಿಗೆ ಎರಡು ಬೋರ್ಡು. ಆಟಗಾರ ಇದನ್ನು ಎರಡನೇ ಸಲಕ್ಕೇ ಕಂಡುಹಿಡಿಯುತ್ತಾನೆ. ಆಮೇಲೆ ಯಾವ ಆಯ್ಕೆಯನ್ನೂ ಓದುವುದಿಲ್ಲ.

ಪ್ರತಿ ಆಯ್ಕೆಗೂ ಏನೋ ಒಂದು ಕಳಕೊಳ್ಳುವುದಿರಲಿ. ಮುಂಗಡ ಕೇಳಿದರೆ ಈಗ ದುಡ್ಡು ಸಿಗುತ್ತದೆ, ಆದರೆ ಕಾಕಾ ಮುಂದಿನ ಸಲ ಕಡಿಮೆ ಬಾಡಿಗೆ ಹೇಳುತ್ತಾನೆ. ಇದನ್ನು ನೆನಪಿಡಲು ಆಟದಲ್ಲಿ 'ಕಂಡಿಷನ್' ಇದೆ. ಒಂದು ಹೆಸರು, ಅದಕ್ಕೊಂದು ಅಂಕಿ, ಅಷ್ಟೇ. 'ಆಕ್ಷನ್' ಅನ್ನುವ ಸಾಲಿನ ಒಳಗೆ ಕೂಡಿಸಬಹುದು, ಕಳೆಯಬಹುದು. 'ಬ್ರಾಂಚ್' ಅನ್ನುವ ಸಾಲು ಆ ಅಂಕಿ ನೋಡಿ ಯಾವ ಲೇಬಲ್‌ಗೆ ಹೋಗಬೇಕು ಅಂತ ತೀರ್ಮಾನಿಸುತ್ತದೆ. ಷರತ್ತು ಸರಿ ಬಂದರೆ ಅಲ್ಲಿಗೆ ಜಿಗಿತ, ಇಲ್ಲದಿದ್ದರೆ ಮುಂದಿನ ಸಾಲು.

ಎರಡು ಎಚ್ಚರಿಕೆ. ಕಂಡಿಷನ್‌ನಲ್ಲಿ ಪೂರ್ಣಾಂಕ ಮಾತ್ರ ಕೂರುತ್ತದೆ, ದಶಮಾಂಶ ಇಲ್ಲ. ಮತ್ತೆ, ಆ ಹೆಸರು ಇಡೀ ಆಟಕ್ಕೆ ಒಂದೇ. ನೀವು 'ಎತ್ತರ' ಅಂತ ಇಟ್ಟು, ಇನ್ನೊಬ್ಬರ ಪ್ಲಗಿನ್‌ನಲ್ಲೂ 'ಎತ್ತರ' ಇದ್ದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ಅದಕ್ಕೆ 'ತೊಗರಿ ಎತ್ತರ' ಅಂತ ನಿಮ್ಮ ಗುರುತು ಮುಂದೆ ಸೇರಿಸಿ.

'ಡೈ' ಅಂತಲೂ ಒಂದು ಶಬ್ದ ಇದೆ. ಅದು ಆಟಗಾರನ ಪೈಲಟ್‌ನನ್ನೇ ಸಾಯಿಸುತ್ತದೆ. ನಾಲ್ಕು ಟನ್ ತೊಗರಿಗಾಗಿ ಯಾರದೋ ಹತ್ತು ಗಂಟೆಯ ಆಟ ಮುಗಿಸಬೇಡಿ. ಸೋತರೆ ಡಿಕ್ಲೈನ್ ಮಾಡಿ, ಬಾಡಿಗೆ ಕೊಡಬೇಡಿ, ಸಾಕು.

ಪುಟ್ಟ ಆಟ: ಬರೀ ಮಾತಿನಲ್ಲಿ ಇಳಿಯುವುದು

ಮಾತಿನ ಪರದೆಯೊಳಗೆ ಆಟ ಹೇಗೆ? ಹೊಸ ಯೋಚನೆ ಏನಲ್ಲ ಇದು. 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷವೇ, ಜಿಮ್ ಸ್ಟೋರರ್ ಅನ್ನುವ ಅಮೆರಿಕದ ಹೈಸ್ಕೂಲ್ ಹುಡುಗ ಪಿಡಿಪಿ-8 ಕಂಪ್ಯೂಟರ್ ಮೇಲೆ ಚಂದ್ರನಿಗೆ ಇಳಿಯುವ ಆಟ ಬರೆದ. ಚಿತ್ರ ಒಂದೂ ಇಲ್ಲ. ಎತ್ತರ, ವೇಗ, ಇಂಧನ ಅಂಕಿಯಲ್ಲಿ ಬರುತ್ತಿತ್ತು. ಎಷ್ಟು ಉರಿಸಬೇಕು ಅಂತ ಆಡುವವನು ಅಂಕಿ ಟೈಪ್ ಮಾಡಬೇಕಿತ್ತು. ನಮಗೆ ಟೈಪ್ ಮಾಡಿಸಲು ಬರಲ್ಲ, ಆದರೆ ಮೂರು ಆಯ್ಕೆ ಕೊಡಬಹುದು.

ಲೆಕ್ಕ ನೋಡಿ. ತೊಗರಿ ಹೋಗುವುದು ಮಂಗಳಕ್ಕಾದರೂ ಲೆಕ್ಕಕ್ಕೆ ಆ ಹಳೇ ಆಟದ ಚಂದ್ರನನ್ನೇ ಇಟ್ಟುಕೊಂಡಿದ್ದೇನೆ. ಚಂದ್ರನ ಗುರುತ್ವದಿಂದ ಪ್ರತಿ ಸೆಕೆಂಡಿಗೆ ವೇಗ 1.62 ಮೀಟರ್ ಹೆಚ್ಚುತ್ತದೆ. ಒಂದು ಸುತ್ತು ಹತ್ತು ಸೆಕೆಂಡ್ ಅಂದುಕೊಂಡರೆ 16. ದಶಮಾಂಶ ಬಿಟ್ಟೆವು.

ಎಂಜಿನ್ ಆಫ್: ವೇಗಕ್ಕೆ 16 ಕೂಡುತ್ತದೆ, ಇಂಧನ ಖರ್ಚಿಲ್ಲ.
ಅರ್ಧ ಉರಿ: ವೇಗ ಇದ್ದಷ್ಟೇ, ಇಂಧನ 1 ಖರ್ಚು.
ಪೂರ್ತಿ ಉರಿ: ವೇಗದಿಂದ 16 ಕಳೆಯುತ್ತದೆ, ಇಂಧನ 2 ಖರ್ಚು.

ಆಮೇಲೆ ಹೊಸ ವೇಗದ ಹತ್ತು ಪಟ್ಟು ಎತ್ತರದಿಂದ ಕಳೆಯಿರಿ. ಎತ್ತರ ಸೊನ್ನೆ ಅಥವಾ ಅದಕ್ಕಿಂತ ಕೆಳಗೆ ಬಂದಾಗ ವೇಗ 15ರೊಳಗೆ ಇದ್ದರೆ ಇಳಿದಂತೆ. ಶುರುವಿನಲ್ಲಿ ಎತ್ತರ 2040 ಮೀಟರ್, ವೇಗ ಸೆಕೆಂಡಿಗೆ 60, ಇಂಧನ 10.

ಈ ಮೂರು ಅಂಕಿ ಎಲ್ಲಿಂದ ಬಂತು ಅಂತ ಕೇಳಬೇಕು ನೀವು. ಕಾಗದದ ಮೇಲೆ ಗೆಲ್ಲುವ ದಾರಿ ಮೊದಲು ಬರೆದೆ. ಎರಡು ಸಲ ಅರ್ಧ ಉರಿ: 600, 600. ಆಮೇಲೆ ಮೂರು ಸಲ ಪೂರ್ತಿ: ವೇಗ 44, 28, 12 ಆಗುತ್ತದೆ, ಎತ್ತರ 440, 280, 120 ಇಳಿಯುತ್ತದೆ. ಕೂಡಿದರೆ 2040. ಇಂಧನ ಖರ್ಚು 8, ಉಳಿದದ್ದು 2. ದಾರಿಯಿಂದ ಅಂಕಿ ಹುಟ್ಟಬೇಕು. ಅಂಕಿ ಮೊದಲು ಇಟ್ಟು ದಾರಿ ಹುಡುಕಲು ಹೋದರೆ ಗೆಲ್ಲಲಾಗದ ಆಟ ಆಗಿಬಿಡಬಹುದು.

ಈಗ ಹೆದರುವವನನ್ನು ಆಡಿಸಿ ನೋಡಿ. ನಮ್ಮ ಹುಡುಗ ಮೊದಲ ಮೂರು ಸುತ್ತು ಪೂರ್ತಿ ಉರಿ ಒತ್ತಿದ. ವೇಗ 12ಕ್ಕೆ ಬಂತು, ಖುಷಿಯಾದ. ಆದರೆ ಎತ್ತರ ಇನ್ನೂ 1200, ಇಂಧನ 4. ನಾಲ್ಕು ಸಲ ಅರ್ಧ ಉರಿಸಿದ. ಎತ್ತರ 720, ಟ್ಯಾಂಕ್ ಖಾಲಿ. ಆಮೇಲೆ ಕೈಯಲ್ಲಿ ಏನೂ ಇಲ್ಲ. ವೇಗ 28, ಮತ್ತೆ 44, ನೆಲ. ಗಂಟೆಗೆ 158 ಕಿಲೋಮೀಟರ್ ವೇಗದಲ್ಲಿ ತೊಗರಿ ಎಲ್ಲಾ ಮಣ್ಣಾಯ್ತು.

ದುಡುಕುವವನದ್ದೂ ಅದೇ ಗತಿ. ಮೊದಲ ಸುತ್ತಿನಲ್ಲೇ ಎಂಜಿನ್ ಆಫ್ ಮಾಡಿದರೆ ವೇಗ 76, ಎತ್ತರ 1280. ಆಮೇಲೆ ಬಿಡದೆ ಪೂರ್ತಿ ಉರಿಸಿದರೂ ಮೂರನೇ ಉರಿಗೆ ನೆಲ ಮುಟ್ಟುತ್ತಾನೆ, ಆಗ ವೇಗ 28. ಹೆದರಿಕೆಗೂ ದುಡುಕಿಗೂ ಎರಡಕ್ಕೂ ದಂಡ ಬಿತ್ತು ಅಲ್ವಾ? ಹಾಗಿದ್ದರೆ ಮಾತ್ರ ಆಟ.

(ನಿಜದಲ್ಲಿ 12 ಕೂಡ ಜಾಸ್ತಿನೇ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಕಾಲುಗಳನ್ನು ಸೆಕೆಂಡಿಗೆ 3 ಮೀಟರ್ ತಡೆಯುವಂತೆ ಮಾಡಿದ್ದರು. ಅದು ಸುಮಾರು 30 ಕಿಲೋಮೀಟರ್ ಎತ್ತರದಿಂದ ಇಳಿಯಲು 19 ನಿಮಿಷದಷ್ಟು ತಗೊಂಡಿತು. ನಮ್ಮದು ತೊಗರಿ ಲಾರಿ, ನಡೀತದೆ.)

ಅಂಕಿಗಳನ್ನು ಪರದೆಯಲ್ಲಿ ತೋರಿಸುವುದು ಹೇಗೆ? ನಾನು ಸುಲಭದ ದಾರಿ ಹಿಡಿದೆ. ವೇಗ ಯಾವಾಗಲೂ 16ರ ಮೆಟ್ಟಿಲಲ್ಲೇ ಓಡಾಡುತ್ತದೆ: 12, 28, 44, 60, 76 (ಅದಕ್ಕೂ ಮೇಲೆ ಹೋದರೆ 76ರ ಸಾಲೇ ಸಾಕು). ಐದು ಬೆಲೆಗೆ ಐದು ಸಾಲು ಮೊದಲೇ ಬರೆದು ಬ್ರಾಂಚ್‌ನಿಂದ ಆರಿಸಿದರೆ ಮುಗೀತು. ಬರೀ ಅಂಕಿ ಬೇಡ, ಪಕ್ಕದಲ್ಲಿ ಮಾತೂ ಇರಲಿ. 76ಕ್ಕೆ "ತಮ್ಮಾ, ಕಿವ್ಯಾಗ ಗುಂಯ್ ಅನ್ನಾಕತ್ತದ." 12ಕ್ಕೆ "ಈಗ ಎತ್ತಿನ ಗಾಡಿ ಆತು ನೋಡು." ಎತ್ತರಕ್ಕೆ ನಾಲ್ಕು ಹಂತ ಸಾಕು. ಕೊನೆಯದು ಧೂಳು ಏಳುವ ಹಂತ. ಹಳೇ ಸಾಲುಗಳು ಪರದೆಯಲ್ಲಿ ಮೇಲೆ ಸರಿದು ಅಲ್ಲೇ ಉಳಿಯುತ್ತವೆ. ಆಟಗಾರ ಹಿಂದೆ ನೋಡಿ ಲೆಕ್ಕ ಹಾಕಬಹುದು.

ಲೇಬಲ್‌ಗಳ ಸಾಲು ಇದು: ಶುರು, ಸುತ್ತು, ಆಫ್, ಅರ್ಧ, ಪೂರ್ತಿ, ಲೆಕ್ಕ, ಇಳಿದ, ಬಿದ್ದ. ಶುರುವಿನಲ್ಲಿ ಮೂರೂ ಅಂಕಿ ಇಡಿ. ಸುತ್ತು ಅನ್ನುವಲ್ಲಿ ಸ್ಥಿತಿ ಹೇಳಿ ಆಯ್ಕೆ ಕೇಳಿ. ಮೂರೂ ಆಯ್ಕೆಗಳು ತಮ್ಮ ಕೂಡಿಸು, ಕಳೆ ಮುಗಿಸಿ ಲೆಕ್ಕಕ್ಕೆ ಬರಲಿ. ಲೆಕ್ಕದಲ್ಲಿ ಎತ್ತರ ಕಳೆದು, ನೆಲ ಬಂತಾ ಅಂತ ಬ್ರಾಂಚ್. ಬಂದಿಲ್ಲದಿದ್ದರೆ ಗೋಟು ಸುತ್ತು.

ನಾನು ಬಿದ್ದ ಗುಂಡಿಗಳು

ಎರಡನೇ ಸಲ ಆಡಿದಾಗ ಇಂಧನ ಶುರುವಿನಲ್ಲೇ ಸೊನ್ನೆ. ಕಂಡಿಷನ್‌ಗಳು ಸೇವ್ ಫೈಲ್‌ನಲ್ಲಿ ಉಳಿಯುತ್ತವೆ. ನಾನು ಶುರುವಿನಲ್ಲಿ "10 ಇಡು" ಅನ್ನುವ ಬದಲು "10 ಕೂಡಿಸು" ಅಂತ ಬರೆದು, ಆಮೇಲೆ ಆ ಸಾಲನ್ನೇ ಬೇರೆ ಲೇಬಲ್‌ನ ಕೆಳಗೆ ಸರಿಸಿಬಿಟ್ಟಿದ್ದೆ. ಯಾವಾಗಲೂ ಸಮ ಚಿಹ್ನೆ ಬಳಸಿ ಹೊಸದಾಗಿ ಇಡಿ.

ಇಂಧನ 1 ಇದ್ದಾಗ ಪೂರ್ತಿ ಉರಿ ಒತ್ತಿದರೆ ಮೈನಸ್ 1. ಸಾಲದ ಪೆಟ್ರೋಲ್ ಆಯ್ತು ಅದು. 'ಟು ಡಿಸ್ಪ್ಲೇ' ಅಂತ ಷರತ್ತು ಹಾಕಿದರೆ ಆ ಆಯ್ಕೆ ಕಾಣಿಸುವುದೇ ಇಲ್ಲ. ಇಂಧನ ಕನಿಷ್ಠ 2 ಇದ್ದರೆ ಮಾತ್ರ ಪೂರ್ತಿ, ಕನಿಷ್ಠ 1 ಇದ್ದರೆ ಮಾತ್ರ ಅರ್ಧ.

ಮೂರನೆಯದು ನನಗೆ ಹೊಳೆದೇ ಇರಲಿಲ್ಲ. ವೇಗ 12 ಇದ್ದಾಗ ಹುಡುಗ ಮತ್ತೆ ಪೂರ್ತಿ ಉರಿ ಒತ್ತಿದ. ವೇಗ ಮೈನಸ್ 4. ಹಡಗು ಮೇಲೆ ಹೋಗತೊಡಗಿತು! ಆ ಬೆಲೆಗೆ ಸಾಲು ಬರೆದಿರಲಿಲ್ಲ, ಬ್ರಾಂಚ್‌ಗಳೆಲ್ಲಾ ದಾಟಿ ಕೊನೆಯ ಸಾಲಿಗೆ ಬಂತು. ಅದು 76ರದ್ದು. ಮೇಲೆ ಹೋಗುತ್ತಿದ್ದರೂ ಕಾಕಾ ಕಿವಿ ಗುಂಯ್ ಅನ್ನುತ್ತಿದೆ ಅಂತ ಕೂಗುತ್ತಿದ್ದ. ಈಗ "ಏ, ವಾಪಸ್ ಮನಿಗಿ ಹೊಂಟಿಯೇನೋ?" ಅಂತ ಒಂದು ಸಾಲು ಸೇರಿಸಿದ್ದೇನೆ. ಎಲ್ಲರಿಗೂ ಇಷ್ಟವಾದ ಸಾಲು ಅದೇ.

ಇನ್ನೊಂದು. ಮಾತು ತಿದ್ದಿ ಆಟ ತೆರೆದರೂ ಹಳೇ ಮಾತೇ ಬರುತ್ತಿದ್ದರೆ ಗಾಬರಿ ಬೇಡ. ಒಪ್ಪಿಕೊಂಡ ಮಿಷನ್ ಪೂರ್ತಿಯಾಗಿ ಸೇವ್ ಫೈಲ್‌ಗೆ ನಕಲಾಗಿರುತ್ತದೆ. ಮಿಷನ್ ಒಪ್ಪುವ ಮುಂಚಿನ ಸೇವ್ ಒಂದನ್ನು ಬೇರೆ ಹೆಸರಲ್ಲಿ ಇಟ್ಟುಕೊಂಡು ಪ್ರತಿ ಸಲ ಅದರಿಂದಲೇ ಪರೀಕ್ಷೆ ಮಾಡಿ. ಪರದೆಯೇ ಬರದಿದ್ದರೆ, ಸೇವ್ ಫೋಲ್ಡರ್ ಇರುವ ಜಾಗದಲ್ಲೇ 'ಎರರ್ಸ್' ಅನ್ನುವ ಟೆಕ್ಸ್ಟ್ ಫೈಲ್ ಇದೆ. ಯಾವ ಸಾಲು ಅರ್ಥವಾಗಲಿಲ್ಲ ಅಂತ ಆಟ ಅದರಲ್ಲಿ ಬರೆದಿಡುತ್ತದೆ. ಹತ್ತರಲ್ಲಿ ಎಂಟು ಸಲ ಟ್ಯಾಬ್ ತಪ್ಪಿರುತ್ತದೆ, ನನ್ನ ಮಟ್ಟಿಗಂತೂ.

ಟವೆಲ್ ಕೆಳಗಿನ ಚೌಕಾಶಿ

ಇದನ್ನು ಬೇಗ ಹೇಳಿಬಿಡುತ್ತೇನೆ, ಯಂತ್ರ ಮೇಲಿನದ್ದೇ. ದನದ ಸಂತೆಯಲ್ಲಿ ಟವೆಲ್ ಕೆಳಗೆ ಕೈ ಇಟ್ಟು ಬೆರಳು ಒತ್ತಿ ರೇಟ್ ಮಾತಾಡುವುದು ನೋಡಿದ್ದೀರಲ್ಲ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಇದನ್ನೇ ಆಟ ಮಾಡಿ. 'ರ್ಯಾಂಡಮ್' ಅನ್ನುವ ಕಂಡಿಷನ್ ಕೇಳಿದಾಗೆಲ್ಲಾ 0ಯಿಂದ 99ರವರೆಗೆ ಒಂದು ಅಂಕಿ ಕೊಡುತ್ತದೆ. ಅದನ್ನು ಮೊದಲಿಗೇ ಒಂದು ಸಲ ನೋಡಿ ಕಾಕಾನ ಗುಟ್ಟಿನ ಮಿತಿಯನ್ನು ನಿಮ್ಮ ಕಂಡಿಷನ್‌ನಲ್ಲಿ ಇಟ್ಟುಬಿಡಿ, ಇಲ್ಲದಿದ್ದರೆ ಸುತ್ತು ಸುತ್ತಿಗೂ ಬದಲಾಗುತ್ತದೆ. ಆಟಗಾರನಿಗೆ ಮೂರೇ ಅವಕಾಶ. ಮಿತಿಗೆ ಹತ್ತಿರ ಬಂದಷ್ಟೂ ಕಾಕಾನ ಮಾತು ಬದಲಾಗಲಿ: ದೂರ ಇದ್ದಾಗ ನಗುತ್ತಾನೆ, ಹತ್ತಿರ ಬಂದಾಗ ಚಹಾ ತರಿಸುತ್ತಾನೆ, ದಾಟಿದರೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅಂಕಿ ಎಲ್ಲೂ ತೋರಿಸಬೇಡಿ.

ಹುಡುಗನ ತಕರಾರು

ಎರಡು ದಿನ ಆಡಿ ಅವನು ಆ ಐದು ಒತ್ತಿನ ದಾರಿ ಕಂಡುಹಿಡಿದ. 2 ಇಂಧನ ಉಳಿಸಲು 2040ರಿಂದ ಅದೊಂದೇ ದಾರಿ ಇರುವುದು. ಆಮೇಲೆ ಕಣ್ಣು ಮುಚ್ಚಿ ಒತ್ತತೊಡಗಿದ. ಮತ್ತೆ ಎಂಟರ್, ಎಂಟರ್, ಎಂಟರ್.

ಅದಕ್ಕೆ ಶುರುವಿನ ಎತ್ತರ ಬದಲಾಗುವಂತೆ ಮಾಡಿದೆ. ಅರ್ಧ ಉರಿಯ ಒಂದು ಸುತ್ತು 600 ಮೀಟರ್ ಅಲ್ವಾ, ಅದೇ ಅಳತೆ: ಎತ್ತರ 600 ಏರಿಸಿದರೆ ಇಂಧನ 1 ಏರಿಸಿ. ಹಾಗಾಗಿ 1440ಕ್ಕೆ 9, 2040ಕ್ಕೆ 10, 2640ಕ್ಕೆ 11. ಯಾವುದು ಬರುತ್ತದೆ ಅನ್ನುವುದು ರ್ಯಾಂಡಮ್ ಕೈಯಲ್ಲಿ. ಈಗ ಮೊದಲ ಸಾಲು ಓದದೆ ಒತ್ತಿದರೆ ಬೀಳುತ್ತಾನೆ.

ಓದಿ ಒತ್ತಿದ, 2 ಉಳಿಸಿ ಇಳಿದ, ನನ್ನ ಕಡೆ ತಿರುಗಿದ. "ಅಣ್ಣಾ, ಉಳಿದ ಎಣ್ಣಿದು ರೊಕ್ಕ ಯಾರ್ ಕೊಡ್ತಾರ?" 'ಇಳಿದ' ಲೇಬಲ್‌ನ ಕೆಳಗೆ ಒಂದು ಬ್ರಾಂಚ್ ಸೇರಿಸಿದೆ: ಇಂಧನ 2 ಇದ್ದರೆ ಆಕ್ಷನ್ ಒಳಗೆ ಪೇಮೆಂಟ್ 5000.